ಬೂಟು ಹಾಕಿದ ಮಾತು

ಮೂರು ಸಹಿ ಬೇಕಿತ್ತು ಇಂಟರ್ನ್‌ಶಿಪ್ಪಿನ ಕಾಗದಕ್ಕೆ.
ವಿಶ್ವವಿದ್ಯಾಲಯದ್ದು ಒಂದು, ಹಡಗು ಕಂಪನಿಯದು ಒಂದು,
ಕೊನೆಗುಳಿದ ಸಣ್ಣ ಜಾಗದಲ್ಲಿ ನನ್ನದು.
ಸಂಬಳ ಅನ್ನುವಲ್ಲಿ ಗೆರೆ ಎಳೆದಿದ್ದರು;
ಊಟದ ಚೀಟಿ ಉಂಟು.

ಸೇಂಟ್ ಲೂಸಿಯಾದ ನಮ್ಮೂರ ದಿಣ್ಣೆ ಹತ್ತಿದರೆ
ತಿಳಿ ಬೆಳಗಿನಲ್ಲಿ ಕಾಣುತ್ತದೆ ಮಾರ್ತಿನೀಕ್,
ಯಾರೋ ಒಣಹಾಕಿ ಮರೆತ ನೀಲಿ ಬಟ್ಟೆಯ ಹಾಗೆ.
ಅಷ್ಟು ಹತ್ತಿರಕ್ಕೆ ಹೋಗಲು
ಎರಡು ವರ್ಷ ಬಾರ್ಬಡೋಸಿನಲ್ಲಿ ಕೂತು
ಫ್ರೆಂಚ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದೆ.

"ಏನಾದರೂ ಹೇಳು ನೋಡೋಣ, ಅವರ ಭಾಷೆಯಲ್ಲಿ"
ಅಂದಳು ಅಜ್ಜಿ ಯೂಫ್ರೇಸಿ, ಮೀನಿನ ಹುರುಪೆ ಕೆರೆಯುತ್ತ.
ಹೇಳಿದೆ: ಸಮುದ್ರ ಇವತ್ತು ಶಾಂತವಾಗಿದೆ, ಅಮ್ಮಾವ್ರೆ.
ನಕ್ಕಳು ನಕ್ಕಳು, ಚಾಕು ಕೆಳಗಿಟ್ಟು ನಕ್ಕಳು.
"ಅಯ್ಯೋ, ಇದು ನಮ್ಮ ಮಾತೇ ಕಣೆ,
ಬೂಟು ಹಾಕ್ಕೊಂಡು ನಿಂತಿದೆ ಅಷ್ಟೆ!"
ಆ ಬರಿಗಾಲ ಮಾತಿಗೆ ಇಂಗ್ಲಿಷ್ ಶಾಲೆಯಲ್ಲಿ
ಅವಳ ಅಂಗೈ ಎಷ್ಟು ಸಲ ಬಾತಿತ್ತೋ
ಲೆಕ್ಕ ಮಾತ್ರ ಹೇಳುವುದಿಲ್ಲ.

ಫೋರ್-ದ-ಫ್ರಾನ್ಸಿನ ದಕ್ಕೆ.
ಗಾಜಿನ ಹಿಂದೆ ಸ್ಟೂಲು, ಮೊಹರು, ಮೂರು ಬಣ್ಣದ ಟಿಕೆಟ್ಟು.
ಇಲ್ಲಿ ನನಗೆ ಹೆಸರಿಲ್ಲ, ಸ್ತಾಜಿಯೇರ್ ಅನ್ನುತ್ತಾರೆ, ಕಲಿಯಲು ಬಂದವಳು.
ಸ್ತಾಜಿಯೇರ್, ಕಾಫಿ. ಸ್ತಾಜಿಯೇರ್, ಪ್ರಿಂಟರು ನಿಂತಿತು.
ಮುತ್ತಿನ ಓಲೆಯ ಮದಾಂ ಮೊನ್ರೋಸ್
ನನ್ನ 'ರ'ಕಾರ ಕೇಳಿದರೆ ಹಲ್ಲುನೋವು ಬಂದವರಂತೆ ಕಣ್ಣು ಮುಚ್ಚುವರು.
"ಗಂಟಲಿನಿಂದ, ಹುಡುಗಿ. ಗಂಟಲಿನಿಂದ."
ರಾತ್ರಿ ಬಾಡಿಗೆ ಕೋಣೆಯಲ್ಲಿ
ಮುಳ್ಳು ಸಿಕ್ಕಿದ ಬೆಕ್ಕಿನ ಹಾಗೆ ಅಭ್ಯಾಸ ಮಾಡಿದೆ.
ಪಕ್ಕದ ಕೋಣೆಯವರು ಒಮ್ಮೆ ಬಾಗಿಲು ತಟ್ಟಿ
ನೀರು ಕೊಟ್ಟು ಹೋದರು.

ಸಂಜೆಗೊಂದು ಪುಟ ಬರೆಯಬೇಕು: ಇಂದು ಕಲಿತ ಪದಗಳು.
ಲಂಗರು. ವಿಳಂಬ. ಮರುಪಾವತಿ.
'ಕ್ಷಮಿಸಿ, ಮರುಪಾವತಿ ಸಾಧ್ಯವಿಲ್ಲ'
ಮೂರನೇ ವಾರಕ್ಕೆ ಇದನ್ನು
ಕನಸಿನಲ್ಲೂ ತಪ್ಪಿಲ್ಲದೆ ಹೇಳುತ್ತಿದ್ದೆ.

ಎಂಟನೇ ವಾರದ ಮಂಗಳವಾರ
ಗಸ್ತಿನ ದೋಣಿ ಒಬ್ಬನನ್ನು ತಂದು ನಮ್ಮ ಬೆಂಚಿನ ಮೇಲೆ ಕೂರಿಸಿತು.
ಎಂಜಿನ್ ಕೆಟ್ಟು ಮೂರು ರಾತ್ರಿ ತೇಲಿದ ಮೀನುಗಾರ, ನಮ್ಮ ದ್ವೀಪದವನೇ;
ಉಪ್ಪಿಗೆ ತುಟಿಯೊಡೆದು ಹಳೇ ಗೋಡೆಯ ಸುಣ್ಣವಾಗಿತ್ತು.
ಆಂಬುಲೆನ್ಸು ಟ್ರಾಫಿಕ್ಕಿನಲ್ಲಿ.
ಓಡಿದೆ, ಕಲಿತದ್ದನ್ನೆಲ್ಲ ಹೊತ್ತುಕೊಂಡು:
ಮಹಾಶಯರೆ, ತಮ್ಮ ನಾಮಧೇಯ? ಜನ್ಮದಿನಾಂಕ?
'ರ'ಕಾರ ಆ ದಿನ ಎಷ್ಟು ಚೆಂದ ಬಂತು!
ಅವನು ನನ್ನ ಬಾಯನ್ನೇ ನೋಡಿದ,
ಬಾಗಿಲು ಎಳೆದ ಅಂಗಡಿಯನ್ನು ನೋಡುವ ಹಾಗೆ.

"ಸಾ ಕಾ ಫೆಟ್, ಫ್ರೆ ಮ್ವೆನ್?"
ಹೇಗಿದ್ದೀಯೋ, ತಮ್ಮಾ?
ಯಾರ ದನಿ ಅಂತ ತಿರುಗಿದರೆ ಮದಾಂ ಮೊನ್ರೋಸ್,
ನೆಲಕ್ಕೆ ಮಂಡಿಯೂರಿ, ಹಿಮ್ಮಡಿ ಎತ್ತರದ ಜೋಡು ಎಲ್ಲೋ ಉರುಳಿ,
ಬಾಟಲಿಯ ಮುಚ್ಚಳದಲ್ಲಿ ಅವನಿಗೆ ನೀರು ಹನಿಸುತ್ತ.
"ಮ್ವೆನ್ ಲಾ" ಅಂದ. ಇದ್ದೀನಿ.
ಈ ದಂಡೆಯವರು "ಮಾನ್ ಲಾ" ಅನ್ನುತ್ತಾರೆ, ಅದೂ ಇದ್ದೀನಿಯೇ;
ನಡುವೆ ಇಷ್ಟಗಲ ನೀರು.

ಆಮೇಲೆ ನನ್ನ ಬಾಯಿಂದ ಅಜ್ಜಿ ಕೇಳಿದಳು:
ಯಾರ ಮಗನೋ ನೀನು? ಯಾವ ಕೇರಿ? ಯಾರ ಪೈಕಿ?
ಫಿದೇಲಿಯುಸ್ ಅಂದ. ಅವ್ವನ ಹೆಸರು ಹೇಳಿದ,
ದೋಣಿಯ ಹೆಸರು ಹೇಳುವಾಗ ಅತ್ತ.

ಮರುದಿನ ಮುತ್ತಿನ ಓಲೆ ಸರಿಯಾದ ಜಾಗದಲ್ಲಿತ್ತು.
"ಗಂಟಲಿನಿಂದ, ಹುಡುಗಿ."

ವರದಿಯಲ್ಲಿ ಆ ಮಂಗಳವಾರದ ಪುಟ:
ಗಾಳಿ ಈಶಾನ್ಯದಿಂದ. ಒಬ್ಬ ಪ್ರಯಾಣಿಕ, ಟಿಕೆಟ್ ಇಲ್ಲ.
ಪ್ರೊಫೆಸರು ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದಿದ್ದಾರೆ:
ಹೊಸ ಪದಗಳೆಲ್ಲಿ?